ಕ್ರಿಯಾಪದದ ಫೋಟೊ ತೆಗೆಯುವುದು ಹೇಗೆ? ಮಲ್ಪೆ ಬದಿಯ ಶಾಲೆಯೊಂದರ ಪ್ರಕರಣ

ಉಡುಪಿಯಿಂದ ಮಲ್ಪೆಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ಒಂದು ಕನ್ನಡ ಮಾಧ್ಯಮ ಹೈಸ್ಕೂಲು. ಅಲ್ಲಿಯ ಡ್ರಾಯಿಂಗ್ ಮಾಷ್ಟ್ರು ಮತ್ತು ಕನ್ನಡ ಟೀಚರ್ ಸೇರಿ ಒಂಬತ್ತನೇ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟರು. ಪ್ರತಿಯೊಬ್ಬರೂ ಒಂದು ಕ್ರಿಯಾಪದ ಆರಿಸಿಕೊಳ್ಳಬೇಕು. ಅದನ್ನು ಒಂದೇ ಒಂದು ಫೋಟೊದಲ್ಲಿ ಹೇಳಬೇಕು. ಫೋಟೊದ ಕೆಳಗೆ ಏನೂ ಬರೆಯುವ ಹಾಗಿಲ್ಲ. ವಿಷಯ ಗೊತ್ತಿಲ್ಲದ ಯಾರಾದರೂ ನೋಡಿ ಅದೇ ಕ್ರಿಯಾಪದ ಹೇಳಿದರೆ ಗೆದ್ದ ಹಾಗೆ. ಬೇರೆ ಏನೋ ಹೇಳಿದರೆ ಮತ್ತೆ ತೆಗೆಯಬೇಕು.

ಕೇಳಲಿಕ್ಕೆ ಸುಲಭ. ಮಾಡಲು ಹೋದರೆ ಕಷ್ಟ. ಕೆಲಸ ನಡೆಯಬೇಕಾದರೆ ಹೊತ್ತು ಬೇಕು. ಫೋಟೊದಲ್ಲಿ ಆ ಹೊತ್ತಿನ ಒಂದು ಚೂರು ಮಾತ್ರ ಸಿಗುತ್ತದೆ. ಆ ಚೂರಿನಲ್ಲಿ ಕ್ರಿಯಾಪದವನ್ನು ಎಲ್ಲಿ ಇಡುವುದು? ಮಾಡುವವರ ಮೈಯಲ್ಲಾ, ಕೈಯಲ್ಲಿರುವ ವಸ್ತುವಿನಲ್ಲಾ, ಕೆಲಸ ಮುಗಿದ ಮೇಲೆ ಉಳಿಯುವ ಗುರುತಿನಲ್ಲಾ? ಕೃಷ್ಣಾಷ್ಟಮಿಗೆ ಮುಂಚೆ ಶುರುವಾಗಿ ಡಿಸೆಂಬರಿನ ವಾರ್ಷಿಕೋತ್ಸವದ ತನಕ ನಡೆದ ಈ ಯೋಜನೆಯಲ್ಲಿ ಮಕ್ಕಳು ಜಗಳ ಮಾಡಿದ್ದೆಲ್ಲ ಈ ಪ್ರಶ್ನೆಗಾಗಿಯೇ. ಕ್ಯಾಮೆರಾ ವಿಷಯ ಹೇಳಿಕೊಡಲು ನನ್ನನ್ನು ಕರೆದಿದ್ದರು. ಆಗ ಕಂಡದ್ದನ್ನು ಬರೆಯುತ್ತಿದ್ದೇನೆ. ಮಕ್ಕಳು ಸಣ್ಣವರು, ಹಾಗಾಗಿ ಹೆಸರುಗಳನ್ನು ಬಿಟ್ಟಿದ್ದೇನೆ.

ಪಟ್ಟಿ

ಈ ಆಲೋಚನೆ ಡ್ರಾಯಿಂಗ್ ಮಾಷ್ಟ್ರಿಗೆ ಬಂದದ್ದು ಅಮೆರಿಕದ ಶಿಲ್ಪಿ ರಿಚರ್ಡ್ ಸೆರಾ ಅವರಿಂದ. ಸೆರಾ 1967-68ರಲ್ಲಿ ಎರಡು ಹಾಳೆಗಳ ಮೇಲೆ ಪೆನ್ಸಿಲಿನಲ್ಲಿ ಒಂದು ಪಟ್ಟಿ ಬರೆದರು. ಸುತ್ತು, ಮಡಚು, ಕತ್ತರಿಸು ಅಂತ ಒಂದರ ಕೆಳಗೊಂದು ಕ್ರಿಯಾಪದಗಳು. ರಬ್ಬರ್ ಮತ್ತು ಸೀಸದ ತಗಡಿನ ಮೇಲೆ ಆ ಕೆಲಸಗಳನ್ನು ಮಾಡಿ ನೋಡುವುದೇ ಅವರ ಶಿಲ್ಪವಾಯಿತು. ನಮ್ಮ ಮಕ್ಕಳಿಗೆ ಸೀಸ ಎಲ್ಲಿ ಸಿಗಬೇಕು? ಫೋನಂತೂ ಇದೆ. ಎಲ್ಲರ ಹತ್ತಿರ ಅಲ್ಲ; ಅಪ್ಪ ಅಮ್ಮಂದಿರದ್ದನ್ನು ಶನಿವಾರ ಮಧ್ಯಾಹ್ನ, ಭಾನುವಾರ ಕೇಳಿ ತರುತ್ತಿದ್ದರು.

ಕನ್ನಡ ಟೀಚರ್ ಒಂದೇ ಷರತ್ತು ಹಾಕಿದರು. ನಮ್ಮ ಊರಲ್ಲಿ ನಡೆಯುವ ಕೆಲಸವೇ ಆಗಬೇಕು. "ಈಜಿಪ್ಟಿನ ಪಿರಮಿಡ್ ಕಟ್ಟುವುದು ಬೇಡ ಮಕ್ಕಳೇ" ಅಂದರು. ಪಟ್ಟಿ ತಯಾರಾಯಿತು: ಎಳೆ, ಹೊರು, ಕಟ್ಟು, ಒಡೆ, ಕೊಯ್ಯು, ಸುರಿ, ತೊಳೆ, ತಿರುಗು, ಹಾರು, ಓಡು, ಹೀಗೆ. ಇಬ್ಬರು ಹುಡುಗಿಯರು ಹಠ ಹಿಡಿದು "ಕಾಯು" ಮತ್ತು "ಕೇಳು" ಸೇರಿಸಿದರು. ಇವೆರಡರಲ್ಲಿ ಮೈ ಅಲ್ಲಾಡುವುದೇ ಇಲ್ಲ, ಬೇಡ ಅಂತ ಮಾಷ್ಟ್ರು ಹೇಳಿ ನೋಡಿದರು. ಅವರು ಕೇಳಲಿಲ್ಲ.

ಮೊದಲ ಸುತ್ತಿನಲ್ಲಿ ಎಲ್ಲರೂ ಪೋಸು ಕೊಟ್ಟರು

ಮೊದಲು ಬಂದ ಫೋಟೊಗಳೆಲ್ಲ ಒಂದೇ ತರ. ಗೆಳೆಯನನ್ನು ಮೈದಾನದಲ್ಲಿ ನಿಲ್ಲಿಸಿ "ಓಡುವ ಹಾಗೆ ಮಾಡು" ಅನ್ನುವುದು. ಅಣ್ಣನ ಕೈಗೆ ಹಗ್ಗ ಕೊಟ್ಟು "ಎಳೆಯುವ ಹಾಗೆ ಮಾಡು" ಅನ್ನುವುದು. ಏಳನೇ ತರಗತಿಯ ಮಕ್ಕಳಿಗೆ ತೋರಿಸಿದಾಗ "ಓಡು" ಫೋಟೊಕ್ಕೆ "ನಿಲ್ಲು", "ಕುಣಿ", "ಆಕ್ಟಿಂಗ್ ಮಾಡು" ಅಂದರು. ಆಕ್ಟಿಂಗ್ ಅಂದವನು ಸರಿಯಾಗಿಯೇ ಹೇಳಿದ, ಅಲ್ವಾ?

ಒಬ್ಬ ಹುಡುಗ ಮಾತ್ರ ಪೋಸು ಬೇಡ ಅಂತ ಗೆಳೆಯನನ್ನು ನಿಜವಾಗಿ ಓಡಿಸಿದ್ದ. ಅವನ ಫೋಟೊ ಕೂಡ ಒಂಟಿಕಾಲಿನಲ್ಲಿ ನಿಂತ ಬೊಂಬೆಯಂತೆ ಬಂದಿತ್ತು. ಅವನಿಗೆ ಸಿಟ್ಟು ಬಂತು. "ಸರ್, ಇವ ಓಡಿದ್ದು ಹೌದು, ನಾನೇ ನೋಡಿದ್ದೇನೆ. ಫೋಟೊದಲ್ಲಿ ಎಂತಕ್ಕೆ ನಿಂತಿದ್ದಾನೆ?"

ಇದಕ್ಕೆ ಉತ್ತರ ಶಟರ್ ಲೆಕ್ಕದಲ್ಲಿದೆ, ಅಂದರೆ ಕ್ಯಾಮೆರಾ ಎಷ್ಟು ಹೊತ್ತು ಬೆಳಕನ್ನು ಒಳಗೆ ಬಿಡುತ್ತದೆ ಅನ್ನುವುದರಲ್ಲಿ. ಫಿಲ್ಮ್ ಕಾಲದಿಂದ ಬಂದ ಒಂದು ಅಂದಾಜು ಇದೆ: ಚೆನ್ನಾಗಿ ಬಿಸಿಲಿದ್ದಾಗ ಅಪರ್ಚರ್ (ಬೆಳಕು ಬರುವ ತೂತು; ಅಂಕಿ ಸಣ್ಣದಾದಷ್ಟು ತೂತು ದೊಡ್ಡದು) ಎಫ್/16, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಪ್ರಮಾಣ) 100 ಇಟ್ಟರೆ ಶಟರ್ ಸುಮಾರು 1/100 ಸೆಕೆಂಡು. ಫೋನಿನ ಮುಖ್ಯ ಲೆನ್ಸಿನ ಅಪರ್ಚರ್ ಸಾಮಾನ್ಯವಾಗಿ ಎಫ್/1.8ರ ಆಸುಪಾಸು ಇರುತ್ತದೆ. ಹೆಚ್ಚಿನ ಫೋನುಗಳಲ್ಲಿ ಅದನ್ನು ಬದಲಿಸಲು ಆಗುವುದಿಲ್ಲ. ಎಫ್/16ಕ್ಕೆ ಹೋಲಿಸಿದರೆ ಇದರಲ್ಲಿ 80 ಪಟ್ಟಿನಷ್ಟು ಬೆಳಕು ಒಳಗೆ ಬರುತ್ತದೆ. ಐಎಸ್‌ಒ 50ಕ್ಕೆ ಇಳಿಸಿದರೂ ಶಟರ್ 1/4000ರ ಹತ್ತಿರ ಹೋಗಿ ನಿಲ್ಲುತ್ತದೆ. ಸೆಕೆಂಡಿಗೆ 5 ಮೀಟರ್ ಓಡುವ ಹುಡುಗ ಅಷ್ಟು ಹೊತ್ತಿನಲ್ಲಿ ಒಂದು ಮಿಲಿಮೀಟರಿಗಿಂತ ಚೂರು ಜಾಸ್ತಿ ಮುಂದೆ ಹೋಗುತ್ತಾನೆ, ಅಷ್ಟೇ. ಅದೇ ಶಟರ್ 1/15 ಇದ್ದರೆ 33 ಸೆಂಟಿಮೀಟರ್. ಒಂದು ಸ್ಕೇಲಿಗಿಂತ ಉದ್ದ. ಬೋರ್ಡಿನ ಮೇಲೆ ಒಂದು ಚುಕ್ಕೆ ಇಟ್ಟು, ಪಕ್ಕದಲ್ಲಿ ಸ್ಕೇಲ್ ಉದ್ದದ ಗೆರೆ ಎಳೆದು ತೋರಿಸಿದಾಗ ಅವನ ಸಿಟ್ಟು ಇಳಿಯಿತು.

ಇದು ಹೊಸ ತಲೆನೋವಲ್ಲ. 1878ರ ಜೂನಿನಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಎಡ್ವರ್ಡ್ ಮೈಬ್ರಿಜ್ 12 ಕ್ಯಾಮೆರಾಗಳನ್ನು ಸಾಲಾಗಿ ಇಟ್ಟು ಓಡುವ ಕುದುರೆಯ ಫೋಟೊ ತೆಗೆದರು. ಕುದುರೆ ದಾಟಿದ ಹಾಗೆಲ್ಲ ದಾರ ಜಗ್ಗಿ ಒಂದೊಂದೇ ಶಟರ್ ಬೀಳುವ ವ್ಯವಸ್ಥೆ. ನಾಲ್ಕೂ ಕಾಲು ನೆಲ ಬಿಡುವ ಗಳಿಗೆ ಇದೆ ಅಂತ ಅದರಿಂದ ಖಚಿತವಾಯಿತು. ಆದರೆ ಆಗ ಕಾಲುಗಳು ಹಿಂದೆ ಮುಂದೆ ಚಾಚಿರುವುದಿಲ್ಲ, ಹೊಟ್ಟೆಯ ಕೆಳಗೆ ಒಟ್ಟಿಗೆ ಮಡಚಿರುತ್ತವೆ. ಚಿತ್ರಗಾರರು ಅಲ್ಲಿಯವರೆಗೆ ಕಾಲು ಚಾಚಿದ ಕುದುರೆಯನ್ನೇ ಬರೆಯುತ್ತಿದ್ದರು. ಆ ಸಾಲಿನಿಂದ ಒಂದೇ ಫೋಟೊ ಎತ್ತಿ ತೋರಿಸಿದಾಗ ನಮ್ಮ ಮಕ್ಕಳೂ "ಇದು ಎಡವಿದ ಕುದುರೆ" ಅಂದರು. ನಿಜವನ್ನು ಹಿಡಿದ ಮಾತ್ರಕ್ಕೆ ಕ್ರಿಯಾಪದ ಸಿಗುವುದಿಲ್ಲ ಅಂತ ಅಲ್ಲಿಗೆ ಗೊತ್ತಾಯಿತು.

ದಕ್ಕೆಯಲ್ಲಿ ಬಿದ್ದ ನಿಯಮ

ಯೋಜನೆಯ ದಿಕ್ಕು ಬದಲಾದದ್ದು ತರಗತಿಯಲ್ಲಿ ಅಲ್ಲ, ಮಲ್ಪೆ ದಕ್ಕೆಯಲ್ಲಿ, ಅಂದರೆ ಬೋಟುಗಳು ಮೀನು ಇಳಿಸುವ ಜಾಗದಲ್ಲಿ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧ ಮುಗಿದು ಯಾಂತ್ರಿಕ ಬೋಟುಗಳು ಮತ್ತೆ ಕಡಲಿಗೆ ಇಳಿದಿದ್ದವು. ಗದ್ದಲವೋ ಗದ್ದಲ. "ಹೊರು" ಆರಿಸಿಕೊಂಡ ಹುಡುಗ, ತಲೆ ಮೇಲೆ ಮೀನಿನ ಬುಟ್ಟಿ ಹೊತ್ತು ಬರುತ್ತಿದ್ದ ಒಬ್ಬ ಹೆಂಗಸಿನ ಎದುರು ಹೋಗಿ ಫೋನು ಹಿಡಿದ. ಅವರು ನಿಂತರು. ಬೈಯಲಿಲ್ಲ. "ಎಂತ ಮಗಾ, ನನ್ನ ಮುಖ ನೋಡಿದರೆ ಬುಟ್ಟಿಯ ಭಾರ ಗೊತ್ತಾಗ್ತದಾ?" ಅಂತ ಕೇಳಿ ಹೋದರು.

ಹುಡುಗ ಇದನ್ನು ತರಗತಿಯಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ಕನ್ನಡ ಟೀಚರ್ ನಗಲಿಲ್ಲ. ಅವತ್ತಿನಿಂದ ಎರಡು ನಿಯಮ ಬಂದವು. ಒಂದು, ಕೇಳದೆ ಯಾರ ಫೋಟೊವನ್ನೂ ತೆಗೆಯಬಾರದು. ಎರಡು, ಕೇಳಿ ಒಪ್ಪಿದರೂ ಮುಖ ಬರಬಾರದು.

ಎರಡನೆಯ ನಿಯಮ ಮರ್ಯಾದೆಗಾಗಿ ಹಾಕಿದ್ದು. ಆದರೆ ಫೋಟೊ ಸುಧಾರಿಸಿದ್ದು ಅದರಿಂದಲೇ. ಮುಖ ಕಂಡರೆ ನೋಡುವವರು ಮೊದಲು "ಯಾರು ಇವರು?" ಅಂತ ಕೇಳುತ್ತಾರೆ. ಮುಖ ಇಲ್ಲದಿದ್ದರೆ "ಏನು ನಡೆಯುತ್ತಿದೆ?" ಅಂತ ಕೇಳಲೇಬೇಕು. ಮಕ್ಕಳ ಕಣ್ಣು ಕೈಗೆ, ಹಿಮ್ಮಡಿಗೆ, ಹಗ್ಗಕ್ಕೆ, ನೆಲಕ್ಕೆ ಇಳಿಯಿತು. "ಹೊರು" ಹುಡುಗ ಅದೇ ಹೆಂಗಸನ್ನು ಹುಡುಕಿ, ಕೇಳಿ, ಅವರ ಹಿಂದಿನಿಂದ ತೆಗೆದ. ಬುಟ್ಟಿಯ ತಳ, ಅದರ ಕೆಳಗೆ ಚಪ್ಪಟೆಯಾದ ಬಟ್ಟೆಯ ಸಿಂಬೆ, ಕತ್ತಿನ ಎರಡು ಬದಿಯಲ್ಲಿ ಬಿಗಿದ ನರ, ಐಸ್ ಕರಗಿ ಬೆನ್ನಿಗೆ ಇಳಿದ ನೀರು. ತೋರಿಸಿದವರೆಲ್ಲ "ಹೊರು" ಅಂದರು. ಒಬ್ಬರು ಮಾತ್ರ "ಕತ್ತು ನೋವು" ಅಂದರು. ಅದು ಕ್ರಿಯಾಪದ ಅಲ್ಲ, ಆದರೂ ಟೀಚರ್ ಅರ್ಧ ಮಾರ್ಕು ಕೊಟ್ಟರು.

"ಎಳೆ" ಕೂಡ ಹೀಗೆಯೇ ದಾರಿಗೆ ಬಂತು. ಪಡುಕೆರೆ ಬದಿಯಲ್ಲಿ ಕೈರಂಪಣಿ ಬಲೆ ಹಾಕಿದ್ದರು. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧ ಚಂದ್ರನಂತೆ ಬಿಟ್ಟು, ಎರಡೂ ತುದಿಯ ಹಗ್ಗವನ್ನು ದಡದಿಂದ ಎರಡು ಗುಂಪು ಎಳೆಯುವ ಹಳೆಯ ಪದ್ಧತಿ ಇದು. ಎದುರಿನಿಂದ ತೆಗೆದ ಫೋಟೊಕ್ಕೆ "ತಳ್ಳು" ಅಂತ ಉತ್ತರ ಬಂದಿತ್ತು. ಹಗ್ಗ ಮೈಗಳ ಹಿಂದೆ ಮರೆಯಾಗಿತ್ತು. ಹುಡುಗಿ ಎರಡನೇ ಸಲ ಮರಳಿನ ಮೇಲೆ ಮಲಗಿದಳು. ಸಾಲಾಗಿ ಮರಳಿಗೆ ಊರಿದ ಹಿಮ್ಮಡಿಗಳು, ಪ್ರತಿ ಹಿಮ್ಮಡಿಯ ಮುಂದೆ ಗುಡ್ಡೆಯಾದ ಮರಳು, ಮೇಲೆ ಗೆರೆ ಕೊರೆದಂತೆ ನೆಟ್ಟಗಿದ್ದ ಹಗ್ಗ. ಬಿಗಿದ ಹಗ್ಗದಿಂದ ನೀರು ಹಿಂಡಿ ಸಣ್ಣ ಹನಿಗಳಾಗಿ ಸಿಡಿಯುತ್ತಿದ್ದದ್ದೂ ಸಂಜೆ ಬಿಸಿಲಿನಲ್ಲಿ ಕಾಣುತ್ತಿತ್ತು. ಇದನ್ನು ನೋಡಿ ಯಾರೂ ತಳ್ಳು ಅನ್ನಲಿಲ್ಲ. ನನ್ನ ಪ್ರಕಾರ ಇದು ಇಡೀ ಯೋಜನೆಯ ಅತಿ ಒಳ್ಳೆಯ ಫೋಟೊ. ಎಳೆಯುವುದಕ್ಕೆ ಇನ್ನೊಂದು ಕಡೆ ತಡೆ ಇರಬೇಕು. ಆ ತಡೆ ಕಂಡರೆ ಎಳೆತ ತಾನಾಗಿ ಕಾಣುತ್ತದೆ.

ಮಲ್ಲಿಗೆ ಕಟ್ಟುವ ಬೆರಳು

"ಕಟ್ಟು" ಆರಿಸಿಕೊಂಡ ಹುಡುಗಿಯ ದೊಡ್ಡಮ್ಮನ ಮನೆ ಶಂಕರಪುರದಲ್ಲಿ. ಉಡುಪಿ ಮಲ್ಲಿಗೆಯ ಊರು ಅದು. ಬೆಳಿಗ್ಗೆ ಮೊಗ್ಗು ಕೊಯ್ದು, ಮನೆಯಲ್ಲೇ ಕೂತು, ಒದ್ದೆ ಮಾಡಿದ ಬಾಳೆ ನಾರಿನಲ್ಲಿ ಕಟ್ಟುತ್ತಾರೆ. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅರಳುವ ಮುಂಚೆ ಕಟ್ಟಿ ಮುಗಿಸಬೇಕು, ಹಾಗಾಗಿ ಬೆರಳುಗಳಿಗೆ ಬಿಡುವೇ ಇಲ್ಲ.

ಮೊದಲು ಆಕೆ ಫೋನನ್ನು ಹಾಗೇ ಹಿಡಿದು ತೆಗೆದಳು. ಹಂಚಿನ ಮನೆಯ ಒಳಗೆ ಬೆಳಕು ಕಮ್ಮಿ. ಶಟರನ್ನು 1/500ಕ್ಕೆ ಇಟ್ಟಿದ್ದರಿಂದ ಐಎಸ್‌ಒ ಏರಿ ಫೋಟೊ ಕಾಳು ಕಾಳಾಗಿತ್ತು. ಬೆರಳು ಸ್ಪಷ್ಟ, ಮೊಗ್ಗು ಸ್ಪಷ್ಟ, ನಾರೂ ಸ್ಪಷ್ಟ. ನೋಡಿದವರು "ಹಿಡಿ", "ಆರಿಸು", "ಎಣಿಸು" ಅಂದರು. ಸ್ಪಷ್ಟವಾಗಿ ಕಂಡ ಬೆರಳು ಕಟ್ಟುತ್ತಿದೆಯೋ ಬಿಚ್ಚುತ್ತಿದೆಯೋ ಅಂತ ಹೇಗೆ ಗೊತ್ತಾಗಬೇಕು?

ಎರಡನೇ ಸಲ ಫೋನಿನ ಪ್ರೊ ಮೋಡಿನಲ್ಲಿ (ಶಟರ್, ಐಎಸ್‌ಒ ನಾವೇ ಇಡುವ ಮೋಡ್) ಅಂಕಿಗಳನ್ನು ಬದಲಿಸಿದಳು. ಐಎಸ್‌ಒ 50, ಶಟರ್ 1/15. ಬಾಗಿಲಿನ ಬೆಳಕು ಮಾತ್ರ ಬರುವ ಜಗಲಿಯಲ್ಲಿ ಇಷ್ಟು ನಿಧಾನ ಇಟ್ಟರೂ ಫೋಟೊ ಬಿಳಿಚುವುದಿಲ್ಲ. ಬಿಸಿಲಿನಲ್ಲಿ ಇದು ಸಾಧ್ಯವೇ ಇಲ್ಲ. ಕೈ ನಡುಗಬಾರದು ಅಂತ ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ, ಎರಡು ಸೆಕೆಂಡಿನ ಟೈಮರ್ ಹಾಕಿದಳು. ಈ ಸಲ ಬಂದ ಫೋಟೊದಲ್ಲಿ ಕೆಳಗಿನ ಅರ್ಧ ಪೂರ್ತಿ ಸ್ಪಷ್ಟ: ಆಗಲೇ ಕಟ್ಟಿ ಮುಗಿದ ಮಾಲೆ, ಒಂದರ ಪಕ್ಕ ಒಂದು ಕೂತ ಮೊಗ್ಗು. ಮೇಲಿನ ಅರ್ಧದಲ್ಲಿ ಬೆರಳುಗಳು ಮಸುಕಾಗಿ ಸುತ್ತುತ್ತಿವೆ, ನಾರು ಒಂದು ಬಿಳಿ ಕುಣಿಕೆಯಾಗಿ ಕಾಣುತ್ತಿದೆ. ಸ್ಪಷ್ಟವಾದದ್ದು ಆಗಿ ಹೋದ ಕೆಲಸ, ಮಸುಕಾದದ್ದು ಆಗುತ್ತಿರುವ ಕೆಲಸ. ತೋರಿಸಿದ ಕೂಡಲೇ "ಕಟ್ಟು" ಅಂತ ಉತ್ತರ ಬಂತು.

ದೊಡ್ಡಮ್ಮನಿಗೆ ಮಾತ್ರ ಸಮಾಧಾನ ಆಗಲಿಲ್ಲ. "ಇದೆಂತ ಮಗಾ, ನನ್ನ ಬೆರಳೇ ಕಾಣುದಿಲ್ಲ?"

"ಬೆರಳು ಎಂತಕ್ಕೆ ದೊಡ್ಡಮ್ಮ, ಕಟ್ಟುದು ಕಂಡ್ರೆ ಸಾಕಲ್ವಾ?"

ಆಸೆ ಹೆಚ್ಚಾಗಿ ಶಟರನ್ನು ಕಾಲು ಸೆಕೆಂಡಿಗೂ ಇಳಿಸಿ ನೋಡಿದಳು. ಆಗ ಬೆರಳು ಪೂರ್ತಿ ಮಾಯ, ಬರೀ ಹೊಗೆ. ಉತ್ತರವೂ ಮಾಯ. ಅಂದರೆ ಪ್ರತಿ ಕೆಲಸಕ್ಕೂ ಒಂದು ಹದ ಇದೆ. ಮಲ್ಲಿಗೆ ಕಟ್ಟುವ ಬೆರಳಿಗೆ 1/15 ಸರಿ ಬಂತು. ಪಾತ್ರೆ ತೊಳೆಯುವ ಕೈಗೆ 1/8 ಬೇಕಾಯಿತು. ಇದಕ್ಕೆ ಪುಸ್ತಕದ ಲೆಕ್ಕ ಸಾಲದು, ತೆಗೆದು ನೋಡಿಯೇ ತಿಳಿಯಬೇಕು.

ಹೊರಗೆ ತೆಗೆಯುವವರಿಗೆ ಬೇರೆ ಉಪಾಯ ಬೇಕಿತ್ತು. ಒಬ್ಬ ತಂಪು ಕನ್ನಡಕವನ್ನು ಲೆನ್ಸಿನ ಎದುರು ಹಿಡಿದ. ಒಳ್ಳೆಯ ಕಪ್ಪು ಗ್ಲಾಸು ಬೆಳಕನ್ನು ಎಂಟನೇ ಒಂದು ಭಾಗಕ್ಕೆ ಇಳಿಸಿದರೆ 1/4000 ಇದ್ದದ್ದು 1/500 ಆಗುತ್ತದೆ, ಅಷ್ಟೇ. ಸೂರ್ಯ ಮುಳುಗಿ ಸ್ವಲ್ಪ ಹೊತ್ತಾದ ಮೇಲೆ ಹೋಗುವುದೇ ಒಳ್ಳೆಯದು ಅಂತ ಎಲ್ಲರೂ ಒಪ್ಪಿದರು. ಮನೆಯವರು ಒಪ್ಪಲಿಲ್ಲ. ಕತ್ತಲಾಗುವ ಹೊತ್ತಿಗೆ ಮಕ್ಕಳು ಕಡಲ ಬದಿಗೆ ಹೋಗುವುದು ಯಾರಿಗೆ ಬೇಕು? ಕೊನೆಗೆ ಮಾಷ್ಟ್ರೇ ಜೊತೆಗೆ ಹೋದರು.

ಮಡಕೆ ಒಡೆಯುವ ಒಂದು ಸೆಕೆಂಡು

ಅಷ್ಟಮಿಯ ಮರುದಿನ ಉಡುಪಿಯ ರಥಬೀದಿಯಲ್ಲಿ ವಿಟ್ಲಪಿಂಡಿ. ಗುರ್ಜಿಗಳಿಗೆ (ಕಂಬ ನೆಟ್ಟು ಕಟ್ಟಿದ ಚಪ್ಪರ) ನೇತು ಹಾಕಿದ ಮೊಸರು, ಬಣ್ಣದ ನೀರಿನ ಕುಡಿಕೆಗಳನ್ನು ಗೊಲ್ಲ ವೇಷದವರು ಕೋಲಿನಿಂದ ಒಡೆಯುತ್ತಾರೆ. "ಒಡೆ" ಹುಡುಗ ಬಿಸಿಲಲ್ಲಿ ಬರ್ಸ್ಟ್ ಮೋಡ್ ಇಟ್ಟು ಕಾದ. ಬಟನ್ ಒತ್ತಿ ಹಿಡಿದರೆ ಸೆಕೆಂಡಿಗೆ ಹತ್ತಾರು ಫೋಟೊ ಬರುತ್ತವೆ. ಅದರಿಂದ ಮೂರನ್ನು ಆರಿಸಿ ತಂದ.

ಮೊದಲನೆಯದರಲ್ಲಿ ಕೋಲು ಮಡಕೆಗೆ ತಾಗಿದೆ, ಮಡಕೆ ಇನ್ನೂ ಇಡಿಯಾಗಿದೆ. ಎಲ್ಲರೂ "ಹೊಡೆ" ಅಂದರು. ಎರಡನೆಯದರಲ್ಲಿ ಮಡಕೆಯ ಚೂರುಗಳು ಗಾಳಿಯಲ್ಲಿವೆ, ಮಡಕೆಯ ಆಕಾರ ಮಾತ್ರ ಒಂದಿಷ್ಟು ಉಳಿದಿದೆ, ಒಳಗಿದ್ದದ್ದು ಇನ್ನೂ ಕೆಳಗೆ ಬಿದ್ದಿಲ್ಲ. "ಒಡೆ" ಅಂದರು. ಮೂರನೆಯದು ನೆಲದ್ದು: ಮಣ್ಣಿನ ಚೂರು, ಬಣ್ಣದ ನೀರು, ಸುತ್ತ ಕಾಲುಗಳು. ಉತ್ತರ "ಚೆಲ್ಲು", "ಬೀಳು". ಒಂದು ಸೆಕೆಂಡಿನೊಳಗೆ ಮೂರು ನಾಲ್ಕು ಕ್ರಿಯಾಪದಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋದವು. ಇಲ್ಲಿ ನಿಧಾನ ಶಟರ್ ಇಟ್ಟಿದ್ದರೆ ಎಲ್ಲವೂ ಕಲಸಿ ಹೋಗುತ್ತಿತ್ತು.

ಹಾಲಿನ ಹನಿ ಬಿದ್ದು ಕಿರೀಟದ ಆಕಾರವಾಗುವ ಪ್ರಸಿದ್ಧ ಫೋಟೊ ನೋಡಿರಬಹುದು. ಹೆರಾಲ್ಡ್ ಎಡ್ಜರ್ಟನ್ 1957ರಲ್ಲಿ ತೆಗೆದದ್ದು. ಕ್ಷಣ ಮಾತ್ರ ಮಿಂಚುವ ಸ್ಟ್ರೋಬ್ ಬೆಳಕಿನಲ್ಲಿ ಹನಿ ನಿಂತಿದೆ, ಆದರೂ ಅದು ಸಿಡಿಯುತ್ತಿದೆ ಅಂತ ಯಾರಿಗೂ ಅನುಮಾನ ಬರುವುದಿಲ್ಲ. ಹಾಲು ತಾನಾಗಿ ಆ ಆಕಾರದಲ್ಲಿ ನಿಲ್ಲುವುದಿಲ್ಲ ಅಂತ ಕಣ್ಣಿಗೆ ಗೊತ್ತಿದೆ. ಮನುಷ್ಯ ಒಂದು ಕಾಲೆತ್ತಿ ನಿಲ್ಲಬಹುದು, ಮಡಕೆಯ ಚೂರು ಗಾಳಿಯಲ್ಲಿ ನಿಲ್ಲಲಾರದು. ವೇಗದ ಶಟರ್ ಎಲ್ಲಿ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸೂತ್ರ ನನಗೆ ಗೊತ್ತಿಲ್ಲ.

"ಹಾರು" ಹುಡುಗಿಗೆ ಇದು ಬೇಗ ಹೊಳೆಯಿತು. ಮಾಷ್ಟ್ರು ಫ್ರಾನ್ಸಿನ ಫೋಟೊಗ್ರಾಫರ್ ಆಂರಿ ಕಾರ್ತಿಯೆ ಬ್ರೆಸಾನ್ 1932ರಲ್ಲಿ ಪ್ಯಾರಿಸಿನ ಸೇಂಟ್ ಲಜಾರ್ ನಿಲ್ದಾಣದ ಹಿಂದೆ ತೆಗೆದ ಫೋಟೊ ತೋರಿಸಿದ್ದರು. ಒಬ್ಬ ನಿಂತ ನೀರಿನ ಮೇಲೆ ಹಾರುತ್ತಿದ್ದಾನೆ. ಹಿಮ್ಮಡಿಗೂ ನೀರಿನ ಪ್ರತಿಬಿಂಬಕ್ಕೂ ನಡುವೆ ಚೂರೇ ಚೂರು ಜಾಗ. ಹುಡುಗಿ ಆ ಜಾಗವನ್ನು ನೆನಪಿಟ್ಟುಕೊಂಡಳು. ಅಷ್ಟಮಿಯ ಹುಲಿವೇಷದ ತಂಡ ತಾಸೆ ವಾದ್ಯದ ಬಡಿತಕ್ಕೆ ಕುಣಿಯುವಾಗ ಮುಖ ಬಿಟ್ಟು ಬರೀ ಕಾಲು ಮತ್ತು ರಸ್ತೆ ತೆಗೆದಳು. ನಡು ಮಧ್ಯಾಹ್ನ. ಪಟ್ಟೆ ಬಳಿದ ಎರಡು ಪಾದ, ಅವುಗಳಿಂದ ಬಿಡಿಸಿಕೊಂಡು ಡಾಂಬರಿನ ಮೇಲೆ ಬಿದ್ದ ನೆರಳು. ನೆರಳು ಪಾದದಿಂದ ದೂರವಾದರೆ ಹಾರಿದ ಹಾಗೆಯೇ. ಬೇರೆಯವರೆಲ್ಲ ಶಾಪ ಹಾಕಿದ ಬಿಸಿಲು ಅವಳಿಗೆ ಬಂಡವಾಳವಾಯಿತು.

ಮಸುಕಿನ ಚಟ

ಶಾಲೆಯ ಯಕ್ಷಗಾನ ತರಗತಿಯಲ್ಲಿ ಮಂಡಿ ಹಾಕುವುದನ್ನು ಒಬ್ಬ 1/8ರಲ್ಲಿ ತೆಗೆದ. ಮಂಡಿಯ ಮೇಲೆ ಗಿರಗಿರ ತಿರುಗುವ ಹುಡುಗ ಬುಗುರಿಯಂತೆ ಬಂದಿದ್ದ. "ತಿರುಗು" ಸುಲಭವಾಗಿ ಪಾಸಾಯಿತು. ಅದರ ಮರುವಾರ ಎಲ್ಲರ ಫೋಟೊವೂ ಮಸುಕು! "ಕೊಯ್ಯು" ಮಸುಕು, "ತೊಳೆ" ಮಸುಕು, "ನಗು" ಕೂಡ ಮಸುಕು. ಫೋನನ್ನೇ ಅಲ್ಲಾಡಿಸಿ ತೆಗೆದವರೂ ಇದ್ದರು. ನನಗೆ ಇದು ಹಿಡಿಸಲಿಲ್ಲ. ಎಲ್ಲವೂ ಮಸುಕಾದರೆ ಯಾವುದು ಚಲಿಸಿತು ಅಂತ ಹೇಳಲು ಹೋಲಿಕೆಗೆ ಏನೂ ಉಳಿಯುವುದಿಲ್ಲ. ಮಲ್ಲಿಗೆ ಫೋಟೊದಲ್ಲಿ ಬೆರಳಿನ ಮಸುಕು ಕೆಲಸ ಮಾಡಿದ್ದು ಮಾಲೆ ಗಟ್ಟಿಯಾಗಿ ನಿಂತದ್ದರಿಂದ.

ಇನ್ನೊಬ್ಬ ಸೀಲಿಂಗ್ ಫ್ಯಾನಿನ ರೆಕ್ಕೆ ಬಾಗಿ ಬಂದ ಫೋಟೊ ತಂದು "ಬಾಗು" ಅಂದ. ಅದು ಫೋನಿನ ಚೇಷ್ಟೆ. ಸೆನ್ಸರ್ ಇಡೀ ಚಿತ್ರವನ್ನು ಒಮ್ಮೆಲೇ ಓದದೆ ಸಾಲು ಸಾಲಾಗಿ ಓದುತ್ತದೆ. ಅಷ್ಟರಲ್ಲಿ ರೆಕ್ಕೆ ಜಾಗ ಬದಲಿಸಿರುತ್ತದೆ. ಚಂದ ಇತ್ತು, ಆದರೆ ಫ್ಯಾನು ಬಾಗಿರಲಿಲ್ಲವಲ್ಲ. ಮಾಷ್ಟ್ರು ಒಪ್ಪಲಿಲ್ಲ.

"ಓಡು" ಹುಡುಗ ಮಾತ್ರ ಮಸುಕನ್ನು ಸರಿಯಾಗಿ ಬಳಸಿದ. ಅವನು ಕಂಬಳಕ್ಕೆ ಕಾದಿದ್ದ. ಕಂಬಳ ರಾತ್ರಿಯೂ ದೊಡ್ಡ ದೀಪಗಳ ಕೆಳಗೆ ನಡೆಯುತ್ತದೆ, ಹಾಗಾಗಿ ಶಟರ್ ಇಳಿಸಲು ಬಿಸಿಲಿನ ಅಡ್ಡಿ ಇಲ್ಲ. ಮಾವನ ಜೊತೆ ಹೋಗಿ, 1/60 ಇಟ್ಟು, ಕೋಣಗಳ ಓಟಕ್ಕೆ ಸರಿಯಾಗಿ ಫೋನನ್ನು ತಿರುಗಿಸುತ್ತಾ ತೆಗೆದ. ಇದಕ್ಕೆ ಪ್ಯಾನಿಂಗ್ ಅನ್ನುತ್ತಾರೆ. ಕೋಣ ಸ್ಪಷ್ಟ, ಹಿಂದಿನ ಜನ ಉದ್ದ ಗೆರೆಗಳು. ಶಾಲೆಯಲ್ಲಿ ತೋರಿಸಿದಾಗ ಮುಕ್ಕಾಲು ಮಂದಿ "ಓಡಿಸು" ಅಂದರು. ಹಗ್ಗ ಹಿಡಿದವನು ಹಿಂದೆ ಇದ್ದನಲ್ಲ. ಹುಡುಗ ತಲೆ ಕೆರೆದುಕೊಂಡ. ನಂತರ "ಹಾಗಾದರೆ ನನ್ನದು ಓಡಿಸು" ಅಂತ ಪಟ್ಟಿಯಲ್ಲಿ ತಾನೇ ತಿದ್ದಿದ. ಟೀಚರ್ ಬೇಡ ಅನ್ನಲಿಲ್ಲ.

ಕಂಬಳದಲ್ಲೇ ಅವನು ಇನ್ನೊಂದು ಕಂಡ. ಕನೆಹಲಗೆ ವಿಭಾಗದಲ್ಲಿ ಯಾರು ಮೊದಲು ಮುಟ್ಟಿದರು ಅನ್ನುವುದು ಲೆಕ್ಕಕ್ಕಿಲ್ಲ. ಕೋಣಗಳು ಎಳೆಯುವ ಹಲಗೆಯಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಯನ್ನು ತಾಗಬೇಕು. ಕೋಲು ಅನ್ನುವ ಹಳೆಯ ಅಳತೆಯಲ್ಲಿ ಆರೂವರೆ ಕೋಲು, ಏಳೂವರೆ ಕೋಲು ಅಂತ ಎತ್ತರ ಇರುತ್ತದೆ. "ಸರ್, ಅಲ್ಲಿ ತೀರ್ಪು ಕೊಡುವವರೂ ನಮ್ಮ ಹಾಗೆಯೇ. ಕೋಣ ನೋಡುದಿಲ್ಲ, ನೀರು ನೋಡುದು" ಅಂದ. ಇಡೀ ಯೋಜನೆಯಲ್ಲಿ ನಾವು ತಿಂಗಳುಗಟ್ಟಲೆ ಹೇಳಿದ್ದನ್ನು ಅವನು ಒಂದು ಸಾಲಿನಲ್ಲಿ ಹೇಳಿ ಮುಗಿಸಿದ.

ಅಲ್ಲಾಡದ ಎರಡು ಕ್ರಿಯಾಪದಗಳು

"ಕಾಯು" ಮೊದಲಿಗೆ ಕಿಟಕಿ ಬಳಿ ಕೂತ ಅಜ್ಜಿಯಾಗಿ ಬಂತು. ಮುಖ ಇಲ್ಲ, ಬೆನ್ನು ಮಾತ್ರ. ಉತ್ತರ "ನೋಡು", "ಯೋಚಿಸು", "ಬೇಜಾರಾಗು". ಬಸ್ ಸ್ಟ್ಯಾಂಡಿನಲ್ಲಿ ತೆಗೆದದ್ದಕ್ಕೆ "ಕೂರು" ಅಂದರು. ಆಮೇಲೆ ಹುಡುಗಿ ಒಂದು ಬೆಳಿಗ್ಗೆ ರೇಷನ್ ಅಂಗಡಿಯ ಮುಂದೆ ಹೋದಳು. ಅಂಗಡಿ ಇನ್ನೂ ತೆರೆದಿರಲಿಲ್ಲ. ಜನ ಮರದ ನೆರಳಲ್ಲಿ ಮಾತಾಡುತ್ತಿದ್ದರು. ಬಾಗಿಲ ಮುಂದೆ ಅವರ ಬದಲು ಅವರ ಚೀಲಗಳು ಸಾಲಾಗಿ ನಿಂತಿದ್ದವು. ಒಂದು ಚೀಲದ ಮೇಲೆ ಹಾರದ ಹಾಗೆ ಕಲ್ಲು, ಮಧ್ಯೆ ಎಲ್ಲೋ ಒಂದು ಹೆಲ್ಮೆಟ್, ಕೊನೆಯಲ್ಲಿ ಮಡಚಿದ ಕೊಡೆ. ಎದುರಿಗೆ ಎಳೆದ ಶಟರ್ ಬಾಗಿಲು. ಫೋಟೊದಲ್ಲಿ ಒಬ್ಬ ಮನುಷ್ಯನೂ ಇಲ್ಲ. ನೋಡಿದವರು ನಗುತ್ತಲೇ "ಕಾಯು" ಅಂದರು. ಮಾಡುವವರೇ ಇಲ್ಲದೆ ಕ್ರಿಯಾಪದ ನಿಂತ ಫೋಟೊ ಇದೊಂದೇ.

"ಕೇಳು" ಕೊನೆಗೂ ಆಗಲಿಲ್ಲ. ರೇಡಿಯೊ ಹತ್ತಿರ ಕಿವಿ, ಬಾಗಿಲಿಗೆ ಕಿವಿ, ಹಿಂದಿನ ಬೆಂಚಿನಲ್ಲಿ ಗುಟ್ಟು ಹೇಳುವ ಇಬ್ಬರು. ಎಲ್ಲದಕ್ಕೂ ಬೇರೆ ಬೇರೆ ಉತ್ತರ: "ಹೇಳು", "ಕದ್ದು ನೋಡು", "ನಿದ್ದೆ ಮಾಡು". ಕೇಳಿದವರ ಮೈಯಲ್ಲಿ ಏನೂ ಬದಲಾಗುವುದಿಲ್ಲ, ವಸ್ತುವೂ ಬದಲಾಗುವುದಿಲ್ಲ, ಗುರುತೂ ಉಳಿಯುವುದಿಲ್ಲ. ಮುಖ ತೋರಿಸಬಹುದಿದ್ದರೆ ಆಗುತ್ತಿತ್ತೇನೋ. ನಿಯಮ ಸಡಿಲಿಸೋಣವಾ ಅಂತ ಮಾಷ್ಟ್ರು ಕೇಳಿದಾಗ ಹುಡುಗಿಯೇ ಬೇಡ ಅಂದಳು.

ಪ್ರದರ್ಶನ

ವಾರ್ಷಿಕೋತ್ಸವದ ದಿನ ಜಗಲಿಯಲ್ಲಿ ಹಳೆಯ ಬಲೆ ಕಟ್ಟಿ, ಬಟ್ಟೆ ಕ್ಲಿಪ್ಪಿನಲ್ಲಿ ಪ್ರಿಂಟುಗಳನ್ನು ಸಿಕ್ಕಿಸಿದರು. ಹೊಳೆಯುವ ಕಾಗದ ಬೇಡ ಅಂತ ಮೊದಲೇ ನಿರ್ಧರಿಸಿದ್ದೆವು, ಬೆಳಕು ಬಿದ್ದರೆ ಏನೂ ಕಾಣುವುದಿಲ್ಲ. ಪ್ರತಿ ಫೋಟೊದ ಕೆಳಗೆ ಒಂದು ಬಿಸ್ಕತ್ ಡಬ್ಬ, ಪಕ್ಕದಲ್ಲಿ ಚೀಟಿ. ಬಂದವರು ಊಹೆ ಬರೆದು ಹಾಕಬೇಕು. ಅರ್ಧಕ್ಕಿಂತ ಜಾಸ್ತಿ ಫೋಟೊಗಳಿಗೆ ಬಹಳಷ್ಟು ಮಂದಿ ಸರಿಯಾದ ಉತ್ತರ ಬರೆದಿದ್ದರು.

ತಪ್ಪು ಚೀಟಿಗಳನ್ನು ಓದುವುದೇ ಹೆಚ್ಚು ಖುಷಿ ಕೊಟ್ಟಿತು. ಕೈರಂಪಣಿ ಫೋಟೊಕ್ಕೆ ಪೇಟೆಯಿಂದ ಬಂದವರು "ಎಳೆ" ಅಂತ ಬರೆದಿದ್ದರೆ, ಮೀನುಗಾರರ ಮನೆಯವರ ಕೆಲವು ಚೀಟಿಗಳಲ್ಲಿ "ಬಲೆ ಬರ್ತಾ ಉಂಟು" ಅಂತ ಇತ್ತು. ಹಗ್ಗದ ಬಿಗಿ ನೋಡಿ ಅವರು ಎಳೆಯುವವರನ್ನು ಬಿಟ್ಟು ಸೀದಾ ಬಲೆಗೇ ಹೋಗಿದ್ದರು. ಇದನ್ನು ತಪ್ಪು ಅನ್ನಬೇಕೋ ಸರಿ ಅನ್ನಬೇಕೋ ಅಂತ ಮಾಷ್ಟ್ರಿಗೂ ಟೀಚರಿಗೂ ವಾದ ಆಯಿತು. ಟೀಚರ್ ಪ್ರಕಾರ ಸರಿ. ಅಲ್ಲಿ ಕ್ರಿಯಾಪದ ಇದೆ, ಕರ್ತೃ ಬೇರೆ, ಅಷ್ಟೇ. ಮಾಷ್ಟ್ರು ಇನ್ನೂ ಒಪ್ಪಿಲ್ಲ.

ಮುಂದಿನ ವರ್ಷದ ಪಟ್ಟಿ ಆಗಲೇ ಶುರುವಾಗಿದೆ. ಈ ಸಲ ಇಬ್ಬರು ಬೇಕಾಗುವ ಕ್ರಿಯಾಪದಗಳು: ಕೊಡು, ತಡೆ, ಒಪ್ಪಿಸು, ಚೌಕಾಸಿ ಮಾಡು. ಮುಖ ಬೇಡ ಅನ್ನುವ ನಿಯಮ ಹಾಗೇ ಇರುತ್ತದೆ. "ಕೇಳು" ಹುಡುಗಿ ಈಗ ಹತ್ತನೇ ತರಗತಿಗೆ ಹೋಗುತ್ತಾಳೆ. ಎಸ್ಸೆಸ್ಸೆಲ್ಸಿ ವರ್ಷ, ಸುಮ್ನೆ ಓದಿಕೋ ಅಂತ ಮನೆಯಲ್ಲಿ ಹೇಳಿದ್ದಾರಂತೆ. ಆದರೂ ಭಾನುವಾರಗಳಲ್ಲಿ ಅಪ್ಪನ ಫೋನು ಅವಳ ಕೈಯಲ್ಲೇ ಇರುತ್ತದೆ ಅಂತ ಅವಳ ತಮ್ಮ ದೂರು ಹೇಳಿದ.